ಸಾಂಕ್ರಾಮಿಕ ರೋಗದ ಪಟ್ಟಿಯಲ್ಲಿ ಇಲ್ಲದ ಕೂಸುಗಳು

ಲಂಡನ್ನಿನ ಫಿನ್ಸ್‌ಬರಿ ಅನ್ನುವ ಭಾಗದ, ನೂರು ವರ್ಷಕ್ಕೂ ಹಳೆಯ ಆರೋಗ್ಯ ವರದಿಗಳನ್ನು ಮೊದಲ ಸಲ ತೆರೆದಾಗ ನಾನು ಶುರು ಮಾಡಿದ್ದೇ ತಪ್ಪು ಪುಟದಿಂದ. ವರ್ಷ ತುಂಬುವ ಮುಂಚೆ ಸತ್ತ ಮಕ್ಕಳು ಯಾವ ಸೋಂಕಿನಿಂದ ಸತ್ತರು ಅಂತ ನನಗೆ ತಿಳಿಯಬೇಕಿತ್ತು. ಹಾಗಾಗಿ ನೇರವಾಗಿ ಸಾಂಕ್ರಾಮಿಕ ರೋಗಗಳ ಅಧ್ಯಾಯಕ್ಕೆ ಹೋದೆ. ಸಿಡುಬು, ಸ್ಕಾರ್ಲೆಟ್ ಜ್ವರ, ಗಂಟಲಮಾರಿ, ಟೈಫಾಯ್ಡ್. ಎಷ್ಟು ಜನಕ್ಕೆ ಬಂತು, ಎಷ್ಟು ಜನರನ್ನು ಆಸ್ಪತ್ರೆಗೆ ಸಾಗಿಸಿದರು, ಎಷ್ಟು ಮನೆಗೆ ಔಷಧಿ ಹೊಡೆದರು, ಎಲ್ಲ ಲೆಕ್ಕ ಅಚ್ಚುಕಟ್ಟಾಗಿತ್ತು. ಎರಡು ವಾರ ಸಂಜೆ ಕೂತು ಅದನ್ನೇ ಟೈಪ್ ಮಾಡಿದೆ. ಆಮೇಲೆ ವಯಸ್ಸಿನ ಕಾಲಂ ನೋಡಿದರೆ, ನಾನು ಹುಡುಕುತ್ತಿದ್ದ ಕೂಸುಗಳು ಅಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ನಾನು ಸಮುದಾಯ ಆರೋಗ್ಯ ಓದಿದ ಡಾಕ್ಟರು. ಮಂಡ್ಯ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲವು ವರ್ಷ ಇದ್ದು, ಈಗ ಲಂಡನ್ನಿನಲ್ಲಿ ಆರೋಗ್ಯದ ಅಂಕಿಅಂಶದ ಕೆಲಸ ಮಾಡುತ್ತೇನೆ. ಫಿನ್ಸ್‌ಬರಿ ನಾನು ದಿನಾ ನಡೆದು ಹೋಗುವ ದಾರಿ. ಈಗ ಅದು ಇಸ್ಲಿಂಗ್ಟನ್ನಿಗೆ ಸೇರಿದೆ. 1900ರಲ್ಲಿ ಕ್ಲರ್ಕನ್‌ವೆಲ್, ಸೇಂಟ್ ಲ್ಯೂಕ್ಸ್ ಮತ್ತು ಸುತ್ತಲಿನ ಕೆಲವು ಭಾಗ ಸೇರಿಸಿ ಅದನ್ನೊಂದು ಬರೋ, ಅಂದರೆ ತನ್ನದೇ ಸ್ಥಳೀಯ ಆಡಳಿತ ಇರುವ ನಗರದ ಒಂದು ವಿಭಾಗ, ಮಾಡಿದರು. ಒಂದು ಚದರ ಮೈಲಿಯೂ ಇಲ್ಲದ ಜಾಗದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ. 1892ರಲ್ಲಿ ನಮ್ಮ ದಾದಾಭಾಯಿ ನವರೋಜಿ ಪಾರ್ಲಿಮೆಂಟಿಗೆ ಗೆದ್ದಿದ್ದು ಇಲ್ಲಿಂದಲೇ, ಅವರ ಹೆಸರಿನ ಬೀದಿ ಈಗಲೂ ಇದೆ. ಬರೋಗೆ ಮೊದಲ ಆರೋಗ್ಯಾಧಿಕಾರಿಯಾಗಿ ಬಂದವರು ಜಾರ್ಜ್ ನ್ಯೂಮನ್. ಮುಂದೆ ಇಡೀ ದೇಶದ ಮುಖ್ಯ ವೈದ್ಯಾಧಿಕಾರಿ ಆದರು. ಅವರ ಕಾಲದ ವರದಿಗಳನ್ನು, ಲಂಡನ್ನಿನ ಬೇರೆ ಬರೋಗಳ ವರದಿಗಳ ಜೊತೆ, ವೆಲ್‌ಕಮ್ ಲೈಬ್ರರಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಪುಕ್ಕಟೆ ಕೊಟ್ಟಿದೆ.

ತಪ್ಪು ಪುಟದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಾನು ಕಲಿತಿದ್ದೆಲ್ಲ ಅಲ್ಲೇ ಇದೆ. 1889ರ ಕಾನೂನು ಕೆಲವು ರೋಗಗಳ ಹೆಸರು ಹೇಳಿ, ಅವು ಕಂಡ ಕೂಡಲೇ ಡಾಕ್ಟರು ಆರೋಗ್ಯಾಧಿಕಾರಿಗೆ ತಿಳಿಸಬೇಕು ಅಂತ ಮಾಡಿತು. ಲಂಡನ್ನಿನಲ್ಲಿ ಅದು ಕಡ್ಡಾಯ. ಆದರೆ ಆ ಪಟ್ಟಿಯಲ್ಲಿ ದಡಾರ ಇರಲಿಲ್ಲ. ನಾಯಿಕೆಮ್ಮು ಇರಲಿಲ್ಲ. ಕೂಸುಗಳ ಭೇದಿಯೂ ಇರಲಿಲ್ಲ. ಇವು ಸಾವಿನ ಪಟ್ಟಿಯಲ್ಲಿ ಬರುತ್ತವೆ, ಕಾಯಿಲೆಯ ಪಟ್ಟಿಯಲ್ಲಿ ಬರುವುದಿಲ್ಲ. ಅಂದರೆ ಸ್ಕಾರ್ಲೆಟ್ ಜ್ವರ ಬಂದ ಆರು ವರ್ಷದ ಹುಡುಗ ಬದುಕಿದ್ದಾಗಲೇ ಕಚೇರಿಗೆ ಗೊತ್ತಾಗುತ್ತಾನೆ, ಅವನಿಗೆ ಹಾಸಿಗೆ ಸಿಗುತ್ತದೆ. ಭೇದಿಯಾದ ಐದು ತಿಂಗಳ ಕೂಸು ಸತ್ತ ಮೇಲೆ ಮಾತ್ರ ಗೊತ್ತಾಗುತ್ತದೆ. ಇದು ಅರ್ಥವಾದ ದಿನ ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ದಡಾರ ಇಂಗ್ಲೆಂಡಿನಾದ್ಯಂತ ಆ ಪಟ್ಟಿಗೆ ಸೇರಿದ್ದು 1916ರಲ್ಲಿ.

ಹಾಗಾಗಿ ಎರಡನೇ ಸಲ ಶಿಶು ಮರಣದ ಕೋಷ್ಟಕದಿಂದಲೇ ಶುರು ಮಾಡಿದೆ. ಇಂಥ ವರದಿ ಓದುವವರಿಗೆ ನಾನು ಕೊಡುವ ಸಲಹೆ ಇದೇ, ಮೊದಲು ಆ ಒಂದು ಹಾಳೆ ಹುಡುಕಿ. 1905ರ ಸುಮಾರಿನಿಂದ ಮುಂದಿನ ವರದಿಗಳಲ್ಲಿ ಅದು ಸಿಗುತ್ತದೆ. ಎಡಗಡೆ ಸಾವಿನ ಕಾರಣಗಳು. ಮೇಲ್ಗಡೆ ವಯಸ್ಸು: ಮೊದಲ ವಾರ, ಎರಡನೇ ವಾರ, ಹೀಗೆ ನಾಲ್ಕು ವಾರ, ಆಮೇಲೆ ತಿಂಗಳ ಲೆಕ್ಕ. ಅಡ್ಡ ಸಾಲಿನಲ್ಲಿ ಕಣ್ಣು ಓಡಿಸಿದರೆ ಕಥೆ ತಾನಾಗಿ ಕಾಣುತ್ತದೆ. ತಿಂಗಳು ತುಂಬುವ ಮುಂಚೆ ಹುಟ್ಟಿದವರ ಸಾಲು ಮೊದಲ ವಾರದಲ್ಲೇ ಮುಗಿಯುತ್ತಾ ಬರುತ್ತದೆ. ಭೇದಿಯ ಸಾಲು ಮೊದಲು ಖಾಲಿ, ಎದೆಹಾಲು ಬಿಟ್ಟು ಬಾಟಲಿ ಹಿಡಿಯುವ ವಯಸ್ಸಿನಲ್ಲಿ ತುಂಬುತ್ತದೆ.

ಕಾರಣಗಳ ಹೆಸರಲ್ಲಿ ಬಹಳ ಜಾಗ್ರತೆ ಬೇಕು. ಒಂದೇ ಭೇದಿಗೆ ಒಬ್ಬ ಡಾಕ್ಟರು ಡಯೇರಿಯಾ ಅಂತ ಬರೆದರೆ ಇನ್ನೊಬ್ಬರು ಎಂಟರೈಟಿಸ್ ಅಂತ, ಮತ್ತೊಬ್ಬರು ಗ್ಯಾಸ್ಟ್ರೋ ಎಂಟರೈಟಿಸ್ ಅಂತ ಬರೆಯುತ್ತಾರೆ. ನಾನು ಎಲ್ಲ ಒಟ್ಟು ಸೇರಿಸಿದೆ. ಸೇರಿಸದೆ ಇದ್ದರೆ ಒಂದು ವರ್ಷ ಭೇದಿ ಕಮ್ಮಿ ಆದ ಹಾಗೆ ಕಾಣುತ್ತದೆ, ಕಮ್ಮಿ ಆಗಿರುವುದು ಆ ಪದ ಅಷ್ಟೇ. 'ಫಿಟ್ಸ್', 'ಬಲಹೀನತೆ', 'ಸೊರಗುವುದು' ಅನ್ನುವ ಸಾಲುಗಳನ್ನು ಬೇರೆಯೇ ಇಟ್ಟೆ. ಅವು ಲಕ್ಷಣಗಳು, ಕಾರಣ ಅಲ್ಲ. 'ಹಲ್ಲು ಹುಟ್ಟುವುದು' ಅಂತಲೂ ಒಂದು ಸಾಲು ಇರುತ್ತದೆ. ಅದನ್ನು ನೋಡಿದಾಗ ನಮ್ಮ ಅಜ್ಜಿ ನೆನಪಾದರು. 'ಹಲ್ಲು ಬರುವಾಗ ಭೇದಿ ಆಗೋದು ಸಹಜ' ಅಂತ ಅವರೂ ಹೇಳುತ್ತಿದ್ದರು. ಮಂಡ್ಯದಲ್ಲಿ ಎಷ್ಟೋ ತಾಯಂದಿರು ಇದೇ ಮಾತು ಹೇಳಿ ಎರಡು ದಿನ ತಡವಾಗಿ ಕೂಸನ್ನು ತಂದಿದ್ದಾರೆ.

ನನ್ನ ದೊಡ್ಡ ತಪ್ಪು ಆಗಿದ್ದು ಹುಟ್ಟಿದವರ ಲೆಕ್ಕದಲ್ಲಿ. ಸಾವಿರ ಜನನಕ್ಕೆ ಎಷ್ಟು ಸಾವು ಅಂತ ತೆಗೆಯಬೇಕಾದರೆ ಜನನ ಸರಿ ಇರಬೇಕಲ್ವಾ? ಓಲ್ಡ್ ಸ್ಟ್ರೀಟ್ ಮತ್ತು ಸಿಟಿ ರೋಡ್ ಸೇರುವ ಮೂಲೆಯಲ್ಲಿ ಆಗ ಒಂದು ಹಳೆಯ ಹೆರಿಗೆ ಆಸ್ಪತ್ರೆ ಇತ್ತು. ಬೇರೆ ಕಡೆಯ ತಾಯಂದಿರೂ ಅಲ್ಲಿಗೆ ಬಂದು ಹೆರುತ್ತಿದ್ದರು. ಜನನ ಫಿನ್ಸ್‌ಬರಿಯಲ್ಲಿ ದಾಖಲು. ಕೂಸು ಬೆಳೆಯುವುದು, ಸಾಯುವುದಾದರೆ ಸಾಯುವುದು ಅವರ ಊರಿನಲ್ಲಿ. ಸುಮ್ನೆ ಉದಾಹರಣೆಗೆ, ಊರಿನವರೇ ಹೆತ್ತ ಕೂಸು 800, ಅದರಲ್ಲಿ ಸತ್ತಿದ್ದು 100 ಅಂದರೆ ದರ 125. ಹೊರಗಿನವರ 200 ಕೂಸು ಸೇರಿಸಿಬಿಟ್ಟರೆ ಅದೇ ದರ 100. ಹೆಚ್ಚಿಗೆ ಒಂದು ಕೂಸೂ ಬದುಕಿಲ್ಲ, ದರ ಮಾತ್ರ ಇಳಿದಿದೆ. ಸಾವಿನ ಕಡೆಯಿಂದಲೂ ಇದೇ ತೊಂದರೆ, ಬೇರೆ ಬರೋದ ಆಸ್ಪತ್ರೆಯಲ್ಲಿ ಸತ್ತ ಕೂಸನ್ನು ವಾಪಸ್ ಮನೆ ಇರುವ ಬರೋಗೆ ಸೇರಿಸಬೇಕು. 1911ರಿಂದ ದೇಶದ ಜನನ ಮರಣದ ಲೆಕ್ಕ ಇಡುವ ರಿಜಿಸ್ಟ್ರಾರ್ ಜನರಲ್ ಕಚೇರಿಯೇ ಇದನ್ನು ಮಾಡತೊಡಗಿತು. ಅದಕ್ಕೆ ಮುಂಚಿನ ವರ್ಷಗಳಿಗೆ ವರದಿಯಲ್ಲಿ 'ತಿದ್ದಿದ' ಅಂಕಿ ಯಾವುದು, ತಿದ್ದದ್ದು ಯಾವುದು ಅಂತ ಅಡಿಟಿಪ್ಪಣಿ ಸಮೇತ ನೋಡಿಯೇ ಬರೆದುಕೊಳ್ಳಬೇಕು.

ಇದನ್ನು ನನ್ನ ಹಳೆಯ ಕೇಂದ್ರದ ಸಿಸ್ಟರ್‌ಗೆ ಫೋನಿನಲ್ಲಿ ಹೇಳಿದೆ. ಮೂವತ್ತು ವರ್ಷ ಮನೆಮನೆ ಸುತ್ತಿದವರು.

'ಅಯ್ಯೋ ಮೇಡಂ, ಇದು ನಮ್ಮ ತವರುಮನೆ ಕಥೆ ಅಲ್ವಾ?' ಅಂದರು. 'ಬಾಣಂತನಕ್ಕೆ ತವರಿಗೆ ಹೋಗ್ತಾರೆ. ಹುಟ್ಟಿದ್ದು ಆ ಊರ ಪುಸ್ತಕದಲ್ಲಿ. ಐದು ತಿಂಗಳಿಗೆ ಗಂಡನ ಮನೆಗೆ ಬಂದು ಏನಾದ್ರೂ ಆದ್ರೆ ನನ್ನ ಪುಸ್ತಕದಲ್ಲಿ. ನಾನು ಯಾವಾಗ್ಲೂ ಪೆನ್ಸಿಲಲ್ಲಿ ಬರೀತಿದ್ದೆ, ನೆನಪಿದೆಯಾ?'

ನೆನಪಿತ್ತು. ಆಗ ಆ ಪೆನ್ಸಿಲ್ ಬರಹ ನೋಡಿ, ಸರ್ಕಾರಿ ದಾಖಲೆ ಪೆನ್ನಲ್ಲೇ ಬರೆಯಬೇಕು ಅಂತ ಅವರಿಗೆ ಹೇಳಿದ್ದೆ. ಅವರು ಮಾಡಿದ್ದೇ ಸರಿ.

ಲೆಕ್ಕ ಸರಿ ಮಾಡಿಕೊಂಡ ಮೇಲೆ ತಿಂಗಳವಾರು ಹಾಕಿದೆ. ಭೇದಿ ಸಾವು ಜುಲೈ ಕೊನೆಗೆ ಏಳುತ್ತದೆ, ಆಗಸ್ಟ್-ಸೆಪ್ಟೆಂಬರಿನಲ್ಲಿ ನೆತ್ತಿಗೇರುತ್ತದೆ, ಅಕ್ಟೋಬರಿಗೆ ಬಿದ್ದುಹೋಗುತ್ತದೆ. ಆ ಕಾಲದ ಪ್ರತಿ ಇಂಗ್ಲಿಷ್ ಪಟ್ಟಣದ ಕಥೆಯೂ ಇದೇ. ಎಡ್ವರ್ಡ್ ಬ್ಯಾಲರ್ಡ್ ಅನ್ನುವ ವೈದ್ಯರು 1880ರ ದಶಕದಲ್ಲೇ ಒಂದು ವಿಷಯ ಕಂಡಿದ್ದರು. ನೆಲದಡಿ 4 ಅಡಿ ಆಳದಲ್ಲಿ ಇಟ್ಟ ಥರ್ಮಾಮೀಟರ್ 56 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಮೇಲೆ ಭೇದಿ ಸಾವು ಜೋರಾಗುತ್ತದೆ. ರೋಗ ಮಣ್ಣಿನಿಂದ ಬರುತ್ತದೆ ಅಂತ ಅವರು ತಿಳಿದಿದ್ದರು, ಅದು ತಪ್ಪು. ಆದರೆ ಹೊಂದಿಕೆ ನಿಜ. ನೆಲ ಆಳದವರೆಗೆ ಕಾಯಬೇಕಾದರೆ ವಾರಗಟ್ಟಲೆ ಬಿಸಿಲಿರಬೇಕು. ಅಷ್ಟರಲ್ಲಿ ಲಾಯದ ಮುಂದಿನ ಕುದುರೆ ಲದ್ದಿಯಲ್ಲಿ ನೊಣ ಹೆಚ್ಚಿರುತ್ತದೆ, ರೈಲಿನಲ್ಲಿ ಬಂದ ಹಾಲು ಮನೆ ಸೇರುವಷ್ಟರಲ್ಲಿ ಕೆಡುತ್ತಿರುತ್ತದೆ. ಬಿಸಿಲಿನ ಪೆಟ್ಟು ಎಷ್ಟು ಅಂತ ಇಂಗ್ಲೆಂಡ್ ಮತ್ತು ವೇಲ್ಸ್‌ನ ಒಟ್ಟು ಅಂಕಿಯೇ ಹೇಳುತ್ತದೆ. ಸಾವಿರ ಜನನಕ್ಕೆ ಸತ್ತ ಕೂಸುಗಳು 1910ರಲ್ಲಿ 105. ಸುಡುಬೇಸಿಗೆಯ 1911ರಲ್ಲಿ 130. ತಂಪಾಗಿ ಮಳೆ ಹಿಡಿದಿದ್ದ 1912ರಲ್ಲಿ 95.

ಹಾಲಿನ ಬಾಟಲಿ ಹೇಗಿತ್ತು ಅಂತ ಒಂದು ಮ್ಯೂಸಿಯಂನಲ್ಲಿ ಹತ್ತಿರದಿಂದ ನೋಡಿದೆ. ಚಪ್ಪಟೆ ಗಾಜಿನ ಬಾಟಲಿ, ಆಮೆಯ ಆಕಾರ. ಬಾಯಿಂದ ಒಂದು ಉದ್ದದ ರಬ್ಬರ್ ಕೊಳವೆ, ಅದರ ತುದಿಗೆ ತೊಟ್ಟು. ಬಾಟಲಿಯನ್ನು ಪಕ್ಕದಲ್ಲಿ ಮಲಗಿಸಿ, ತೊಟ್ಟನ್ನು ಕೂಸಿನ ಬಾಯಿಗಿಟ್ಟರೆ ತಾಯಿ ಕೆಲಸಕ್ಕೆ ಹೋಗಬಹುದು. ಆ ಕೊಳವೆಯೊಳಗೆ ಬ್ರಷ್ ಹೋಗುವುದಿಲ್ಲ. ಒಳಗಿನ ಹಾಲು ಅಲ್ಲೇ ಅಂಟಿ ಹುಳಿಯುತ್ತದೆ. ಫ್ರಾನ್ಸ್ ಅದನ್ನು 1910ರಲ್ಲಿ ನಿಷೇಧಿಸಿತು. ನನಗೆ ನೆನಪಾಗಿದ್ದು ನಮ್ಮ ಮನೆಯ ಬೆಳ್ಳಿ ಒಳಲೆ. ತೆರೆದ ಬಟ್ಟಲು, ಗಿಡ್ಡ ಮೂತಿ, ಹುಣಸೆಹಣ್ಣು ಹಾಕಿ ಉಜ್ಜಿದರೆ ಮೂಲೆಮೂಲೆಯೂ ಬೆಳಗುತ್ತದೆ. ಆದರೆ ಒಳಲೆಯಲ್ಲಿ ಕುಡಿಸಬೇಕಾದರೆ ಕೂಸನ್ನು ಕಾಲಮೇಲೆ ಹಾಕಿಕೊಂಡು ಒಬ್ಬರು ಕೂರಬೇಕು. ಕ್ಲರ್ಕನ್‌ವೆಲ್‌ನ ಒಂದೇ ಕೋಣೆಯ ಮನೆಯಲ್ಲಿ ಕೂಲಿಗೆ ಹೋಗುವ ತಾಯಿಗೆ ಆ ಒಬ್ಬರು ಎಲ್ಲಿಂದ ಸಿಗಬೇಕು? ಅವಳಿಗೆ ಅಜ್ಞಾನ ಅಂತ ಆ ಕಾಲದ ವರದಿಗಳು ಮತ್ತೆ ಮತ್ತೆ ಬರೆಯುತ್ತವೆ. ನನಗೆ ಅದು ಒಪ್ಪಿಗೆ ಆಗುವುದಿಲ್ಲ. ಒಂದು ಕೋಣೆಯ ಮನೆಗಳಲ್ಲಿ ಕೂಸುಗಳು ಜಾಸ್ತಿ ಸಾಯುತ್ತಿವೆ ಅಂತ ನ್ಯೂಮನ್ ಅವರೇ ಫಿನ್ಸ್‌ಬರಿಯ ಲೆಕ್ಕ ಹಾಕಿ ತೋರಿಸಿದ್ದರು.

ಕೂಸು ಬದುಕಿದ್ದಾಗಲೇ ಕಚೇರಿಗೆ ಗೊತ್ತಾಗುವಂತೆ ಮಾಡಿದ ಊರು ಉತ್ತರ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್. ಆಗ ಜನನ ನೋಂದಣಿಗೆ 42 ದಿನ ಸಮಯವಿತ್ತು. ಅಷ್ಟರಲ್ಲಿ ಎಷ್ಟೋ ಕೂಸು ಹೋಗಿಬಿಟ್ಟಿರುತ್ತಿತ್ತು. ಅಲ್ಲಿನ ಮೇಯರ್ ಬೆಂಜಮಿನ್ ಬ್ರಾಡ್‌ಬೆಂಟ್, 1904ರಲ್ಲಿ ಲಾಂಗ್‌ವುಡ್ ಅನ್ನುವ ಭಾಗದಲ್ಲಿ ತಮ್ಮ ಅವಧಿಯಲ್ಲಿ ಹುಟ್ಟುವ ಪ್ರತಿ ಕೂಸಿಗೂ, ವರ್ಷ ತುಂಬಿದ ದಿನ ಒಂದು ಪೌಂಡ್ ಕೊಡುತ್ತೇನೆ ಅಂತ ಮಾತು ಕೊಟ್ಟರು. ಜೊತೆಗೆ ಮನೆಗೆ ಹೋಗಿ ನೋಡುವ ಹೆಂಗಸರು. 1906ರಲ್ಲಿ ಆ ಊರು ಜನನವನ್ನು ಕೂಡಲೇ ತಿಳಿಸುವುದನ್ನು ಕಡ್ಡಾಯ ಮಾಡಿತು. 1907ರ ಕಾನೂನು ಬೇರೆ ಊರುಗಳಿಗೂ ದಾರಿ ಮಾಡಿಕೊಟ್ಟಿತು: 36 ಗಂಟೆಯೊಳಗೆ ತಿಳಿಸಬೇಕು. ಬೇಕಾದ ಊರು ಮಾತ್ರ ಅದನ್ನು ಒಪ್ಪಿಕೊಳ್ಳಬಹುದಿತ್ತು, ಎಲ್ಲ ಕಡೆ ಕಡ್ಡಾಯ ಆಗಿದ್ದು 1915ರಲ್ಲಿ.

ಇಂಗ್ಲೆಂಡಿನ ಆ ವರ್ಷಗಳ ಶಿಶು ಮರಣದ ಗೆರೆಗಳನ್ನು ಒಂದು ಹಾಳೆಯಲ್ಲಿ ಬರೆದು ಸಿಸ್ಟರ್‌ಗೆ ವಾಟ್ಸಾಪ್ ಮಾಡಿದೆ. ತಿಂಗಳು ದಾಟಿದ ಕೂಸುಗಳ ಗೆರೆ ಏರಿಳಿಯುತ್ತಾ ಕೆಳಗೆ ಬರುತ್ತದೆ. ಮೊದಲ ವಾರದ ಗೆರೆ ಇದ್ದಲ್ಲೇ ಇದೆ ಅನ್ನಬೇಕು. ಅವರು ಮರುದಿನ ಬೆಳಿಗ್ಗೆ ಫೋನ್ ಮಾಡಿದರು.

'ಮೇಡಂ, ನಮ್ಮಲ್ಲೂ ಕೊನೆಗೆ ಉಳಿದದ್ದು ಇದೇ ಗೆರೆ. ಅಲ್ಲಿ ಆಗ ಹೆರಿಗೆ ಮಾಡಿಸ್ತಿದ್ದಿದ್ದು ಯಾರು, ಸ್ವಲ್ಪ ನೋಡಿ ಹೇಳಿ.'

ಈಗ ಸೂಲಗಿತ್ತಿಯರ ಪುಟಗಳನ್ನು ಟೈಪ್ ಮಾಡುತ್ತಿದ್ದೇನೆ.