ಹೊಂಡಕ್ಕೆ ಬಂದ ಹಸಿರು ಏರೋಪ್ಲೇನ್ ಚಿಟ್ಟೆ

ಧಾರವಾಡದ ಕೆಲಗೇರಿ ಕೆರೆ ದಂಡೆಗೆ ಹೋದಾಗೆಲ್ಲ ನನ್ನ ಕಣ್ಣು ಒಂದೇ ಹುಳ ಹುಡುಕುತ್ತದೆ. ಎದೆ ಗಿಳಿಹಸಿರು, ಸೊಂಟದ ಹತ್ತಿರ ತಿಳಿನೀಲಿ, ಅಲ್ಲಿಂದ ಹಿಂದೆ ಕಪ್ಪು ಬಾಲ, ಅದರ ಮೇಲೆ ಹಳದಿ ಚುಕ್ಕಿ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ 10 ಸೆಂ.ಮೀ.ಗಿಂತ ಹೆಚ್ಚು. ಪುಸ್ತಕದಲ್ಲಿ ಇದರ ವೈಜ್ಞಾನಿಕ ಹೆಸರು ಅನಾಕ್ಸ್ ಗುಟ್ಟಾಟಸ್. ಮಕ್ಕಳಿಗೆ ಇದೂ ಏರೋಪ್ಲೇನ್ ಚಿಟ್ಟೆಯೇ. ಮಳೆಗಾಲದಲ್ಲಿ ಬಯಲ ಮೇಲೆ ಗುಂಪಾಗಿ ಹಾರುವ ಹಳದಿಯದು ಬೇರೆ, ಇದಕ್ಕಿಂತ ಸಣ್ಣದು. ಇದರ ಗಂಡು ಒಂಟಿಯಾಗಿ ನೀರಿನ ಮೇಲೆ ಗಸ್ತು ತಿರುಗುತ್ತದೆ, ಇನ್ನೊಂದು ಗಂಡು ಬಂದರೆ ಅಟ್ಟಿಸಿಕೊಂಡು ಹೋಗುತ್ತದೆ. ಹಗಲಲ್ಲಿ ಕೂರುವುದೇ ಅಪರೂಪ.

ಧಾರವಾಡದ ಪಶ್ಚಿಮಕ್ಕೆ ನಮ್ಮ ಮಾವಿನ ತೋಟ ಇದೆ. ಅಲ್ಲಿ 12 ಮೀಟರ್ ಉದ್ದ, ಅಷ್ಟೇ ಅಗಲದ ಕೃಷಿ ಹೊಂಡ ತೆಗೆಸಿದೆವು. ಕೆಂಪು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಅದಕ್ಕೆ ಪ್ಲಾಸ್ಟಿಕ್ ಹಾಸಿದೆವು. ಮೊದಲ ಮಳೆಗಾಲ ಈ ಹುಳ ಬಂತು, ಎರಡು ಸುತ್ತು ಹಾರಿ ಹೋಯಿತು. ಯಾಕೆ ಅಂತ ಆಮೇಲೆ ಹೊಳೆಯಿತು. ಇದರ ಹೆಣ್ಣು ಮೊಟ್ಟೆಯನ್ನು ಸುಮ್ನೆ ನೀರಿಗೆ ಉದುರಿಸುವುದಿಲ್ಲ. ನೀರಗಿಡದ ಕಾಂಡ ಸೀಳಿ ಒಳಗೆ ತೂರಿಸುತ್ತದೆ. ನಮ್ಮ ಹೊಂಡದಲ್ಲಿ ಒಂದು ಎಳೆ ಹುಲ್ಲೂ ಇರಲಿಲ್ಲ. ಇನ್ನು ನೀರಲ್ಲಿ ಬೆಳೆದ ಮರಿ ಪೊರೆ ಕಳಚಲು ಆ ನುಣುಪು ಪ್ಲಾಸ್ಟಿಕ್ ಹಿಡಿದು ಮೇಲೆ ಹತ್ತುವುದಾದರೂ ಹೇಗೆ?

ಆಪು, ಅಂದರೆ ನೀರಂಚಿನಲ್ಲಿ ಬೆಳೆಯುವ ಎತ್ತರದ ಜೊಂಡು ಹುಲ್ಲು, ಹಚ್ಚಲು ಹೊರಟೆ. ಪಕ್ಕದ ಹೊಲದ ಕಾಕಾ ತಡೆದರು. "ತಮ್ಮಾ, ಆಪಿನ ಬೇರು ಪ್ಲಾಸ್ಟಿಕ್ ಹರೀತಾವ ನೋಡು. ಬಕೀಟ್‌ನ್ಯಾಗ ಹಚ್ಚು." ಸರಿ ಅನಿಸಿತು. ಹಳೆ ಬಕೀಟುಗಳಿಗೆ ಕೆಸರು ತುಂಬಿ, ಆಪು ನೆಟ್ಟು, ಹೊಂಡದ ಮೆಟ್ಟಿಲ ಮೇಲೆ ಇಳಿಸಿದೆ. ಸೊಳ್ಳೆಗೆ ಮೀನು ಬಿಡು ಅಂದವರಿದ್ದರು. ಬಿಡಲಿಲ್ಲ. ಮೀನು ಈ ಹುಳದ ಮರಿಗಳನ್ನೂ ತಿನ್ನುತ್ತದೆ, ಅಲ್ವಾ? ಸೊಳ್ಳೆಮರಿ ತಿನ್ನುವುದಕ್ಕೆ ಈ ಮರಿಗಳೇ ಸಾಕು.

ಆಪು ನೆಟ್ಟ ಮೇಲೆ ಹೊಂಡದಲ್ಲಿ ಮರಿಗಳು ಕಂಡವು. ಒಂದನ್ನು ಬಾಟಲಿಯಲ್ಲಿಟ್ಟು ಹತ್ತಿರದಿಂದ ನೋಡಿದ್ದೇನೆ. ಕೆಳತುಟಿ ಮಡಚಿ ಗಲ್ಲದ ಕೆಳಗಿಟ್ಟುಕೊಂಡಿರುತ್ತದೆ. ಗೊದಮೊಟ್ಟೆ ಹತ್ತಿರ ಬಂದರೆ ಆ ತುಟಿ ಛಕ್ಕನೆ ಮುಂದೆ ಚಾಚಿ ಹಿಡಿಯುತ್ತದೆ. ಹೆದರಿಸಿದರೆ ಹಿಂಬದಿಯಿಂದ ನೀರು ಚಿಮ್ಮಿಸಿ ಮುಂದಕ್ಕೆ ಜಿಗಿಯುತ್ತದೆ. ಉಸಿರಾಡುವುದೂ ಅದೇ ಹಿಂಬದಿಯ ಒಳಗಿರುವ ಕಿವಿರಿನಿಂದ.

ಆ ಜನವರಿಯಲ್ಲಿ ನಾನೇ ತಪ್ಪು ಮಾಡಿದೆ. ಮಾವಿನ ಹೂವಿಗೆ ಜಿಗಿಹುಳದ ಔಷಧ ಹೊಡೆದು, ಪಂಪನ್ನು ಹೊಂಡದ ದಂಡೆಯಲ್ಲೇ ತೊಳೆದೆ. ಮರುದಿನ ಮರಿಗಳು ಸತ್ತು ತೇಲುತ್ತಿದ್ದವು. ಇಪ್ಪತ್ತೆರಡು ಎಣಿಸಿದೆ, ಆಮೇಲೆ ಎಣಿಸಲು ಆಗಲಿಲ್ಲ. ಅಂದಿನಿಂದ ಪಂಪು ತೊಳೆಯುವುದು ಹೊಂಡದಿಂದ ದೂರ, ಇಳಿಜಾರಿನ ಕೆಳಗಡೆ.

ಮುಂದಿನ ಮಳೆಗೆ ಹೊಂಡ ಮತ್ತೆ ತುಂಬಿತು. ಅಕ್ಟೋಬರ್‌ನ ಒಂದು ರಾತ್ರಿ ಟಾರ್ಚ್ ಹಿಡಿದು ಕೂತಿದ್ದೆ. ಸುಮಾರು ಒಂಬತ್ತಕ್ಕೆ ಒಂದು ಮರಿ ಆಪಿನ ಎಲೆ ಹಿಡಿದು ಒಂದು ಗೇಣು ಮೇಲೆ ಬಂತು. ಅಲ್ಲಾಡದೆ ನಿಂತಿತು. ಬೆನ್ನು ಸೀಳಿತು. ಮೊದಲು ಎದೆ ಹೊರಬಂತು, ಆಮೇಲೆ ತಲೆ, ಕಾಲು. ಹಾಗೇ ತಲೆಕೆಳಗಾಗಿ ಜೋತುಬಿತ್ತು. ಬಿದ್ದೇ ಹೋಯಿತು ಅಂತ ಕೈ ಚಾಚಿದೆ, ಮತ್ತೆ ಹಿಂದೆ ತಗೊಂಡೆ. ಕಾಲು ಗಟ್ಟಿಯಾಗುವವರೆಗೆ ಕಾಯುತ್ತಿತ್ತು ಅದು. ಒಮ್ಮೆಲೇ ಮೇಲಕ್ಕೆ ಬಾಗಿ ತನ್ನ ಪೊರೆಯನ್ನೇ ಹಿಡಿದು ಬಾಲ ಎಳೆದುಕೊಂಡಿತು. ಮುದುಡಿದ್ದ ರೆಕ್ಕೆ ನಿಧಾನ ಬಿಚ್ಚಿಕೊಂಡವು, ಹಾಲಿನ ಬಣ್ಣ.

ಬೆಳಗಿನ ಜಾವ ರೆಕ್ಕೆ ನಡುಗಿಸಿ ಹಾರಿತು. ಹೊಂಡದ ಕಡೆ ತಿರುಗಲಿಲ್ಲ, ಮಾವಿನ ಗಿಡಗಳ ಮೇಲಿಂದ ಹೋಯಿತು. ಬಲಿಯುವವರೆಗೆ ಅವು ನೀರಿನಿಂದ ದೂರವೇ ಇರುತ್ತವೆ. ಪೊರೆ ಮಾತ್ರ ಎಲೆಗೆ ಕಚ್ಚಿಕೊಂಡಿತ್ತು. ಸೀಳಿನಲ್ಲಿ ಬಿಳಿ ದಾರದಂಥ ಎಳೆಗಳು ನೇತಾಡುತ್ತಿದ್ದವು, ಉಸಿರುನಾಳದ ಒಳಪದರ.