ಟೈರ್ ಅಂಗಡಿಗೆ ಹೋಗುವ ಮುಂಚೆ ಒಂದ್ಸಲ ಬಗ್ಗಿ ನೋಡಿ

ಬೆಂಗಳೂರಿನಲ್ಲಿ ಕಾರಿನ ಟೈರ್ ಓಡಿ ಓಡಿ ಸವೆದು ಹೋಗುವುದು ಕಡಿಮೆ. ಒಂದೋ ಗುಂಡಿಗೆ ಬಿದ್ದು ಪಕ್ಕೆ ಒಡೆದುಕೊಳ್ಳುತ್ತದೆ, ಇಲ್ಲಾ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ನಿಂತಲ್ಲೇ ನಿಂತು ಮುದಿಯಾಗುತ್ತದೆ. ನಮ್ಮ ಸ್ವಿಫ್ಟ್‌ದು ಎರಡನೇ ಕೇಸು. ಏಳು ವರ್ಷಕ್ಕೆ ಓಡಿದ್ದು 34 ಸಾವಿರ ಕಿಲೋಮೀಟರ್. ಮಗಳ ಸ್ಕೂಲು, ತರಕಾರಿ ಅಂಗಡಿ, ಹಬ್ಬಕ್ಕೊಮ್ಮೆ ಊರು, ಅಷ್ಟೇ. ಟೈರಿನ ಬಟನ್, ಅಂದರೆ ರಸ್ತೆ ಕಚ್ಚುವ ಉಬ್ಬು, ಇನ್ನೂ ಇದೆಯಲ್ಲ, ಇನ್ನೊಂದು ವರ್ಷ ತಳ್ಳೋಣ ಅಂದುಕೊಂಡಿದ್ದೆ. ಮೇ ತಿಂಗಳ ಮೊದಲ ಮಳೆಯಲ್ಲಿ ಸಿಗ್ನಲ್ ಹತ್ತಿರ ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಾಲಡಿ ಗರಗರ ಅಂದಿದ್ದೇ ಬಂತು, ಕಾರು ಸೋಪು ಚೆಲ್ಲಿದ ಬಚ್ಚಲಲ್ಲಿ ಜಾರಿದ ಹಾಗೆ ಜಾರಿ ಮುಂದಿದ್ದ ಆಟೋದ ಬೆನ್ನಿಗೆ ಒಂದು ಗೇಣು ಉಳಿಸಿ ನಿಂತಿತು. ಮನೆಗೆ ಬಂದು ಬಗ್ಗಿ ನೋಡಿದೆ. ಬಟನ್‌ಗಳ ಸಂದಿನಲ್ಲೆಲ್ಲಾ ಕೂದಲೆಳೆ ಬಿರುಕು. ರಬ್ಬರು ಉಗುರಿಗೆ ಬಗ್ಗದಷ್ಟು ಗಟ್ಟಿ.

ಬದಲಿಸಬೇಕಾ, ಬೇಡವಾ?

ಮೊದಲು ಇದನ್ನು ತೀರ್ಮಾನ ಮಾಡಿ. ಟೈರಿನ ಮೇಲೆ ನೀರು ಹರಿಯಲು ಇರುವ ಉದ್ದುದ್ದ ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಣ್ಣೆ ಇರುತ್ತದೆ. ಅದು ಎಲ್ಲಿದೆ ಅಂತ ತೋರಿಸಲು ಟೈರಿನ ಅಂಚಿನಲ್ಲಿ ಪುಟ್ಟ ತ್ರಿಕೋನವನ್ನೋ ಟಿಡಬ್ಲ್ಯುಐ ಎಂಬ ಅಕ್ಷರವನ್ನೋ ಅಚ್ಚು ಹಾಕಿರುತ್ತಾರೆ. ಆ ದಿಣ್ಣೆಯ ಎತ್ತರ 1.6 ಮಿಲಿಮೀಟರ್. ಬಟನ್ ಸವೆದು ಅದಕ್ಕೆ ಸಮ ಆಯಿತು ಅಂದರೆ ಕಾನೂನಿನ ಪ್ರಕಾರವೂ ಟೈರಿನ ಕಥೆ ಮುಗಿಯಿತು. ಆದರೆ ನಮ್ಮೂರ ಮಳೆಗೆ ಅಲ್ಲಿಯವರೆಗೆ ಕಾಯಬೇಡಿ. ಹೊಸ ಟೈರಿನಲ್ಲಿ 7-8 ಮಿಲಿಮೀಟರ್ ಆಳ ಇರುತ್ತದೆ, ಅದು 3ಕ್ಕೆ ಇಳಿದರೆ ಅಂಡರ್‌ಪಾಸ್‌ನಲ್ಲಿ ನಿಂತ ನೀರನ್ನು ಪಕ್ಕಕ್ಕೆ ತಳ್ಳುವ ಶಕ್ತಿ ಟೈರಿಗೆ ಬಹಳ ಕಮ್ಮಿಯಾಗಿರುತ್ತದೆ.

ಎರಡನೆಯದು ಪಕ್ಕೆ. ಕೈಯಾಡಿಸಿ. ಗೋಲಿಯಷ್ಟೋ ನಿಂಬೆಹಣ್ಣಿನಷ್ಟೋ ಉಬ್ಬು ಸಿಕ್ಕಿದರೆ ಒಳಗೆ ನೇಯ್ದ ದಾರಗಳು ಕಡಿದಿವೆ, ಗಾಳಿಯನ್ನು ಹಿಡಿದಿರುವುದು ಬರೀ ರಬ್ಬರು ಅಂತ ಅರ್ಥ. ಇದಕ್ಕೆ ರಿಪೇರಿ ಇಲ್ಲ. ಪಂಚರ್ ಅಂಗಡಿಯವನು ಏನೇ ಹೇಳಲಿ, ಪಕ್ಕೆಯ ಪಂಚರಿಗೂ ಇಲ್ಲ.

ಮೂರನೆಯದು ವಯಸ್ಸು, ಜಾಸ್ತಿ ಜನ ನೋಡದೇ ಇರುವುದು. ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ, ಹತ್ತು ದಾಟಿದ್ದನ್ನು ಕಣ್ಣು ಮುಚ್ಚಿ ಬಿಸಾಕಿ ಅಂತ ಟೈರ್ ಕಂಪನಿಗಳೇ ಹೇಳುತ್ತವೆ. ಹತ್ತರವರೆಗೆ ಹೋಗುವ ಧೈರ್ಯ ನನಗಂತೂ ಇಲ್ಲ, ಆ ಆಟೋದ ಬೆನ್ನು ಕಣ್ಣ ಮುಂದೆ ಬರುತ್ತದೆ.

ಪಕ್ಕೆಯ ಮೇಲಿನ ಜಾತಕ

ಟೈರಿನ ಪಕ್ಕೆಯಲ್ಲಿ ದಪ್ಪಕ್ಷರದಲ್ಲಿ 165/80 ಆರ್14 85ಟಿ ಅಂತ ಬರೆದಿರುತ್ತದೆ, ನಮ್ಮದರಲ್ಲಿ ಇರುವುದು ಇದೇ. 165 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಅಂದರೆ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 80 ಭಾಗ, ಅಂದರೆ 132 ಮಿಲಿಮೀಟರ್. ಆರ್ ಅಂದರೆ ರೇಡಿಯಲ್ (ಒಳಗಿನ ದಾರಗಳನ್ನು ಅಂಚಿನಿಂದ ಅಂಚಿಗೆ ನೇರವಾಗಿ ಹಾಕಿದ ಟೈರು), 14 ಅಂದರೆ ರಿಮ್ಮಿನ ಅಳತೆ, ಇದು ಮಾತ್ರ ಯಾಕೋ ಇಂಚಿನಲ್ಲಿ. 85 ಅಂದರೆ ಒಂದು ಟೈರು 515 ಕಿಲೋ ಹೊರಬಲ್ಲದು. ಟಿ ಅಂದರೆ ಗಂಟೆಗೆ 190 ಕಿಲೋಮೀಟರ್ ವೇಗದವರೆಗೆ ತಾಳುತ್ತದೆ, ಎಚ್ ಇದ್ದರೆ 210. ಮೈಸೂರು ಹೈವೇಯಲ್ಲೇ ಮಿತಿ 100, ಹಾಗಾಗಿ ವೇಗದ ಅಕ್ಷರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಭಾರದ ನಂಬರ್ ಆಗಲಿ ವೇಗದ ಅಕ್ಷರ ಆಗಲಿ ಕಾರಿನ ಜೊತೆ ಬಂದದ್ದಕ್ಕಿಂತ ಕೆಳಗೆ ಇಳಿಯಬಾರದು, ಮೇಲೆ ಹೋದರೆ ಪರವಾಗಿಲ್ಲ.

ಈಗ ಟೈರ್ ಮೇಲಿನದನ್ನು ಬಿಟ್ಟು ಡ್ರೈವರ್ ಬಾಗಿಲು ತೆಗೆದು ಅಲ್ಲೇ ಚೌಕಟ್ಟಿನ ಕಂಬದ ಮೇಲಿನ ಸ್ಟಿಕ್ಕರ್ ನೋಡಿ. ಕಂಪನಿ ಹೇಳಿದ ಅಳತೆ, ಎಷ್ಟು ಗಾಳಿ ಅನ್ನುವುದು ಅಲ್ಲಿರುತ್ತದೆ. ಸೆಕೆಂಡ್ ಹ್ಯಾಂಡ್ ಕಾರಾದರೆ ಇದು ಕಡ್ಡಾಯ. ಹಿಂದಿನ ಓನರ್ ಏನು ಪ್ರಯೋಗ ಮಾಡಿದ್ದಾನೋ ಯಾರಿಗೆ ಗೊತ್ತು.

‘ಸರ್, ಒಂದ್ ಸೈಜ್ ಜಾಸ್ತಿ ಹಾಕ್ಸಿ’

ಯಾವ ಅಂಗಡಿಗೆ ಹೋದರೂ ಈ ಮಾತು ಗ್ಯಾರಂಟಿ. ಅಗಲ ಜಾಸ್ತಿಯಾದರೆ ಒಣ ರಸ್ತೆಯಲ್ಲಿ ಹಿಡಿತ ಸ್ವಲ್ಪ ಹೆಚ್ಚುತ್ತದೆ, ನಿಜ. ಜೊತೆಗೆ ಸ್ಟೇರಿಂಗ್ ಭಾರವಾಗುತ್ತದೆ, ಮೈಲೇಜ್ ಇಳಿಯುತ್ತದೆ, ಆ ಮಾತು ಮಾತ್ರ ಬಿಲ್ ಆದ ಮೇಲೂ ಹೊರಗೆ ಬರುವುದಿಲ್ಲ. ಹಾಗಂತ ಎಲ್ಲ ಬದಲಾವಣೆಯೂ ತಪ್ಪಲ್ಲ. ನೋಡಬೇಕಾದ್ದು ಇಡೀ ಚಕ್ರದ ಎತ್ತರ. ರಿಮ್ ಇಂಚನ್ನು 25.4ರಿಂದ ಗುಣಿಸಿ, ಪಕ್ಕೆಯ ಎತ್ತರವನ್ನು ಎರಡು ಸಲ ಕೂಡಿಸಿ. ನಮ್ಮದಕ್ಕೆ ಸುಮಾರು 620 ಮಿಲಿಮೀಟರ್ ಬರುತ್ತದೆ. 185/70 ಆರ್14 ಹಾಕಿದರೆ 615, ಶೇಕಡಾ ಒಂದರಷ್ಟೂ ವ್ಯತ್ಯಾಸ ಇಲ್ಲ. ಅದೇ 185/65 ಆರ್14 ಹಾಕಿದರೆ 596. ಕಾರು ಒಂದು ಸೆಂಟಿಮೀಟರಿಗಿಂತ ಜಾಸ್ತಿ ಕುಸಿಯುತ್ತದೆ, ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಅವೈಜ್ಞಾನಿಕ ಹಂಪುಗಳ ಈ ಊರಲ್ಲಿ ಕಾರಿನ ಹೊಟ್ಟೆ ಕೆರೆಯುತ್ತದೆ.

ಇನ್ನು ಚೆಂದಕ್ಕೆ ಅಂತ 16 ಇಂಚಿನ ಅಲಾಯ್ ರಿಮ್ ಹಾಕಿಸಿ ಅದರ ಮೇಲೆ 195/50 ಸುತ್ತಿಸುವವರಿಗೆ ಒಂದೇ ಲೆಕ್ಕ ಹೇಳುತ್ತೇನೆ. ಪಕ್ಕೆಯ ಎತ್ತರ 132ರಿಂದ 98ಕ್ಕೆ ಬಂತು. ಗುಂಡಿಯ ಏಟನ್ನು ನುಂಗಬೇಕಾದ ರಬ್ಬರು ಸುಮಾರು ಮೂರೂವರೆ ಸೆಂಟಿಮೀಟರ್ ಕಮ್ಮಿ ಆಯಿತು. ಮಳೆಗಾಲದಲ್ಲಿ ನೀರು ತುಂಬಿ ಗುಂಡಿಯೇ ಕಾಣದ ರಸ್ತೆಯಲ್ಲಿ ಮೊದಲು ಟೈರು, ಆಮೇಲೆ ರಿಮ್ಮು, ಎರಡರ ದುಡ್ಡೂ ನೀವೇ ಕೊಡಬೇಕು. ದಪ್ಪ ಪಕ್ಕೆ ನೋಡಲು ಹಳ್ಳಿ ಗಾಡಿಯ ಥರ ಕಂಡರೂ ನಮಗೆ ಅದೇ ಸರಿ.

ಯಾವ ಟೈರು?

ಎಂಆರ್‌ಎಫ್, ಅಪೊಲೊ, ಸಿಯಟ್, ಜೆಕೆ, ಬ್ರಿಜ್‌ಸ್ಟೋನ್, ಮಿಶೆಲಿನ್, ಯೊಕೊಹಾಮ, ಗುಡ್‌ಇಯರ್ ಅಂತ ಪಟ್ಟಿ ದೊಡ್ಡದಿದೆ. ಬ್ರ್ಯಾಂಡ್ ಹೆಸರಿಗೆ ಜೋತು ಬೀಳಬೇಡಿ, ಒಂದೇ ಕಂಪನಿಯಲ್ಲೇ ಹಗಲು ರಾತ್ರಿಯಷ್ಟು ಬೇರೆ ಬೇರೆ ಮಾಡೆಲ್ ಇರುತ್ತವೆ. ಗಟ್ಟಿ ರಬ್ಬರಿನ ಟೈರು ಬಹಳ ಕಿಲೋಮೀಟರ್ ಬಾಳುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಹಿಡಿತ ಕಮ್ಮಿ. ಮೆತ್ತಗಿನದು ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಸದ್ದೂ ಕಮ್ಮಿ, ಬೇಗ ಸವೆಯುತ್ತದೆ. ಸಿಯಟ್‌ನ ಮೈಲೇಜ್ ಎಕ್ಸ್3, ಅಪೊಲೊದ ಅಮೇಜರ್ 4ಜಿ ಲೈಫ್ ಥರದವು ಬಾಳಿಕೆ ಕಡೆಗೆ ವಾಲಿದವು. ಮಿಶೆಲಿನ್‌ನ ಎನರ್ಜಿ ಎಕ್ಸ್‌ಎಂ2+ ಒದ್ದೆ ರಸ್ತೆಯ ಬ್ರೇಕಿಂಗನ್ನೇ ಹೇಳಿಕೊಂಡು ಮಾರುವ ಟೈರು. ದಿನಾ ವೈಟ್‌ಫೀಲ್ಡ್‌ಗೆ ಹೋಗಿಬಂದು ವರ್ಷಕ್ಕೆ 15-20 ಸಾವಿರ ಓಡಿಸುವವರು ಬಾಳಿಕೆ ನೋಡಲಿ, ತಪ್ಪಿಲ್ಲ. ವರ್ಷಕ್ಕೆ ಐದು ಸಾವಿರ ಓಡಿಸುವ ನನ್ನಂಥವರಿಗೆ ಲಕ್ಷ ಕಿಲೋಮೀಟರ್ ಬಾಳುವ ಟೈರು ಯಾತಕ್ಕೆ? ಸವೆಯುವ ಮುಂಚೆಯೇ ಅದು ಮುದಿಯಾಗುತ್ತದೆ. ನಾನು ಮೆತ್ತಗಿನದೇ ಹಾಕಿಸಿದೆ. ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟ್ ರಸ್ತೆಯ ಗುಂಯ್ ಅನ್ನುವ ಸದ್ದು ಕೂಡ ಇಳಿಯಿತು.

ಅಂಗಡಿಯಲ್ಲಿ

ಜೆ.ಸಿ. ರಸ್ತೆ ಕಡೆ ಹೋಗಿ ನಾಲ್ಕು ಅಂಗಡಿ ವಿಚಾರಿಸಿ, ಫೋನಿನಲ್ಲೇ ಕೇಳಿದರೂ ಆದೀತು. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ, ಹಳೇ ರೇಟ್ ಹೇಳಿದರೆ ಒಪ್ಪಬೇಡಿ. ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಹೊಸ ನೆಕ್ (ಗಾಳಿ ತುಂಬುವ ವಾಲ್ವ್), ಎಲ್ಲಾ ಸೇರಿ ಎಷ್ಟು ಅಂತಲೇ ಕೇಳಿ.

ಟೈರು ಕೈಗೆ ಬಂದ ತಕ್ಷಣ ತಯಾರಿಕೆ ದಿನಾಂಕ ನೋಡಿ. ಡಿಒಟಿ ಅನ್ನುವ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2325 ಅಂದರೆ 2025ರ 23ನೇ ವಾರ. ಇದು ಎಷ್ಟೋ ಸಲ ಟೈರಿನ ಒಂದೇ ಪಕ್ಕೆಯಲ್ಲಿ ಇರುತ್ತದೆ, ಆ ಪಕ್ಕೆ ಒಳಮುಖವಾಗಿ ಕೂತುಬಿಟ್ಟರೆ ಆಮೇಲೆ ಕಾರಿನಡಿ ಮಲಗಿಯೇ ಓದಬೇಕು. ನಾನು ಹಾಗೆ ಓದಿದವನೇ! ಹಿಂದಿನ ಕಾರಿಗೆ ಒಬ್ಬರು ‘ಸ್ಪೆಷಲ್ ಡಿಸ್ಕೌಂಟ್’ ಅಂತ ಕೊಟ್ಟ ಎರಡು ಟೈರು ಮನೆಗೆ ಬಂದು ನೋಡಿದರೆ ಎರಡೂವರೆ ವರ್ಷ ಗೋಡೌನಿನಲ್ಲಿ ಕೂತದ್ದು. ವಾಪಸ್ ಹೋದರೆ ‘ಫಿಟ್ ಆದ ಮೇಲೆ ತಗೊಳಲ್ಲ ಸರ್’. ಆರು ತಿಂಗಳೊಳಗಿನದು ಕೊಡಿ ಅಂತ ಮೊದಲೇ ಹೇಳಿ, ನಾಲ್ಕರದ್ದೂ ನಂಬರ್ ಬಿಲ್ಲಿನಲ್ಲಿ ಬರೆಸಿ, ವಾರಂಟಿಗೂ ಅದೇ ಬೇಕಾಗುವುದು. ಐಎಸ್‌ಐ ಗುರುತು ಇರಲೇಬೇಕು.

ದುಡ್ಡು ಸಾಲದೆ ಎರಡೇ ಹಾಕಿಸುವುದಾದರೆ ಹೊಸ ಜೋಡಿ ಹಿಂದಕ್ಕೆ. ಇಂಜಿನ್ ಎಳೆಯುವುದು ಮುಂದಿನ ಚಕ್ರ, ಹೊಸದು ಮುಂದಕ್ಕೇ ಇರಲಿ ಅಂತ ಫಿಟ್ಟರ್ ವಾದ ಮಾಡುತ್ತಾನೆ. ಆದರೆ ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೆಟ್ಟಗೆ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಹತೋಟಿಗೆ ಬರುತ್ತದೆ. ಹಿಂದಿನದು ಜಾರಿದರೆ ಬುಗುರಿಯಂತೆ ತಿರುಗುತ್ತದೆ, ನಮ್ಮಂಥ ಸಾಮಾನ್ಯ ಡ್ರೈವರ್ ಕೈಯಲ್ಲಿ ಆಗ ಏನೂ ಉಳಿದಿರುವುದಿಲ್ಲ.

ವೀಲ್ ಅಲೈನ್‌ಮೆಂಟ್ ಮಾಡಿಸಿ, ನಮ್ಮ ಗುಂಡಿಗಳಿಗೆ ಅದು ಹೇಗೂ ತಪ್ಪಿರುತ್ತದೆ. ‘ಹಿಂದಿನ ಚಕ್ರಕ್ಕೂ ಕ್ಯಾಂಬರ್ ಮಾಡ್ಬೇಕು ಸರ್’ ಅಂದರೆ ಮಾತ್ರ ಕಂಪ್ಯೂಟರ್ ರಿಪೋರ್ಟ್ ಕೇಳಿ. ಬಹುತೇಕ ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂದಿನ ಚಕ್ರದ ಓರೆ, ಅದೇ ಕ್ಯಾಂಬರ್, ಸರಿಪಡಿಸಲು ಬೋಲ್ಟೇ ಇರುವುದಿಲ್ಲ. ನೈಟ್ರೋಜನ್ ಪುಕ್ಕಟೆ ಕೊಟ್ಟರೆ ಹಾಕಿಸಿ, ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ಅದೇ ಇದೆ.

ಮೊದಲ 200-300 ಕಿಲೋಮೀಟರ್ ಮೆಲ್ಲಗೆ ಓಡಿಸಿ, ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಹೋಗುವವರೆಗೆ ಹೊಸ ಟೈರು ಸ್ವಲ್ಪ ಜಾರುತ್ತದೆ. ಗಾಳಿಯನ್ನು ಬೆಳಗ್ಗೆ, ಚಕ್ರ ತಣ್ಣಗಿರುವಾಗ ನೋಡಿಸಿ, ಬಾಗಿಲ ಸ್ಟಿಕ್ಕರಿನಲ್ಲಿ ಇರುವಷ್ಟೇ ಹಾಕಿಸಿ. ಟೈರಿನ ಪಕ್ಕೆಯಲ್ಲಿ ಬರೆದಿರುವ ದೊಡ್ಡ ನಂಬರ್ ಅದು ತಡೆಯುವ ಗರಿಷ್ಠ ಒತ್ತಡ, ಅಷ್ಟು ಹೊಡೆಸಬಾರದು. ಹಾಗೇ ಡಿಕ್ಕಿ ತೆಗೆದು ಸ್ಟೆಪ್ನಿಯನ್ನೂ ನೋಡಿ. ಒಂದು ಕಿಲೋಮೀಟರೂ ಓಡಿಲ್ಲ, ಹೊಸದೇ ಅಲ್ವಾ ಅನ್ನಬೇಡಿ, ಅದಕ್ಕೂ ಕಾರಿನಷ್ಟೇ ವಯಸ್ಸಾಗಿದೆ. ನಮ್ಮದರಲ್ಲಿ ಬರೀ 8 ಪಿಎಸ್‌ಐ ಗಾಳಿ ಇತ್ತು.