ಎಸಿ ರಿಪೇರಿಯೋ, ಹೊಸದೋ? ಸುರತ್ಕಲ್‌ನ ನಮ್ಮ ಮನೆಯ ಲೆಕ್ಕ

ಸಮುದ್ರದ ಪಕ್ಕದ ಮನೆ ನಮ್ಮದು. ಇಲ್ಲಿ ಕಿಟಕಿಯ ಸರಳಿಗೇ ತುಕ್ಕು ಹಿಡಿಯುತ್ತದೆ, ಇನ್ನು ಹೊರಗೋಡೆಯ ಎಸಿಯ ಪಾಡು ಕೇಳಬೇಕೆ! ಒಂದೂವರೆ ಟನ್ನಿನ ಹಳೆಯ ಸ್ಪ್ಲಿಟ್ ಎಸಿ ಏಪ್ರಿಲ್ ಸೆಕೆಯಲ್ಲಿ ಬರೀ ಗಾಳಿ ಬಿಡತೊಡಗಿತು. ಮೆಕ್ಯಾನಿಕ್ ನೋಡಿದವನೇ, "ಗ್ಯಾಸ್ ಖಾಲಿ ಸಾರ್, ತುಂಬಿಸಿದ್ರೆ ಆಯ್ತು" ಅಂದ.

ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಅಲ್ಲವಲ್ಲ, ಓಡಿದಷ್ಟೂ ಮುಗಿಯಲಿಕ್ಕೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಮೊದಲು ಲೀಕ್ ಹುಡುಕೋಣ ಅಂದೆ. ನೈಟ್ರೋಜನ್ ತುಂಬಿ, ಗೇಜಿನ ಮುಳ್ಳಿನ ಮೇಲೆ ಕಣ್ಣಿಟ್ಟು, ಎಲ್ಲ ಕಡೆ ಸೋಪಿನ ನೀರು ಹಚ್ಚಿ ನೋಡಿದೆವು. ಜಾಯಿಂಟುಗಳಲ್ಲಿ ಗುಳ್ಳೆ ಏಳಲಿಲ್ಲ. ಎದ್ದದ್ದು ಔಟ್‌ಡೋರ್ ಯೂನಿಟ್ಟಿನಲ್ಲಿ ಗ್ಯಾಸ್ ಹರಿಯುವ ಕೊಳವೆಗಳ ಕಾಯಿಲಿನಲ್ಲಿ, ಅದೂ ಎರಡು ಮೂರು ಕಡೆ. ಅದರ ಸುತ್ತಲಿನ ತೆಳು ಲೋಹದ ಫಿನ್ನುಗಳನ್ನು ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತಿದ್ದವು.

ಪೈಪ್ ಜೋಡಿಸುವ ಫ್ಲೇರ್ ನಟ್ ಸಡಿಲವಾಗಿದ್ದರೆ, ಕೆಲವು ನೂರು ರೂಪಾಯಿಯ ಕೆಪಾಸಿಟರ್ ಹೋಗಿದ್ದರೆ, ಎಸಿ ಎಷ್ಟೇ ಹಳೆಯದಿರಲಿ, ರಿಪೇರಿ ಮಾಡಿಸುತ್ತಿದ್ದೆ. ಉಪ್ಪುಗಾಳಿ ತಿಂದ ಕಾಯಿಲ್ ಹಾಗಲ್ಲ. ಒಂದು ಕಡೆ ಬೆಸುಗೆ ಹಾಕಿಸಿದರೆ ಪಕ್ಕದಲ್ಲಿ ಸೋರುತ್ತದೆ. ಕಾಯಿಲನ್ನೇ ಬದಲಿಸೋಣವೆಂದರೆ ಒಳಗಿದ್ದದ್ದು ಆರ್-22. ಓಝೋನ್ ಪದರಕ್ಕೆ ಹಾನಿ ಮಾಡುವ ಈ ಗ್ಯಾಸನ್ನು ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಭಾರತ 2030ರ ಹೊತ್ತಿಗೆ ಹೆಚ್ಚುಕಡಿಮೆ ಪೂರ್ತಿ ಕೈಬಿಡಬೇಕು. ಬದಲಿಗೆ ಹೊಸ ಎಸಿಗಳಲ್ಲಿ ಬರುವ ಆರ್-32 ಗ್ಯಾಸ್ ತುಂಬುವಂತೆಯೂ ಇಲ್ಲ. ಅದರ ಒತ್ತಡ ಬಹಳ ಹೆಚ್ಚು, ಬೆಂಕಿ ಹತ್ತುವ ಗುಣ ಬೇರೆ. ಹೊಸದೇ ಸರಿ ಅಂತ ತೀರ್ಮಾನಿಸಿದೆ.

ಅಂಗಡಿಯಲ್ಲಿ ಎಲ್ಲರೂ ಫೈವ್ ಸ್ಟಾರ್ ತೋರಿಸಿದರು. ಲೇಬಲ್ಲಿನಲ್ಲಿ ಬರೆದಿರುವ ವರ್ಷದ ಕರೆಂಟ್ ಯೂನಿಟ್ಟು 1600 ಗಂಟೆ ಓಡಿಸುವ ಲೆಕ್ಕದ್ದು. ನಮ್ಮದು ಮಾರ್ಚ್‌ನಿಂದ ಮೇವರೆಗೆ, ರಾತ್ರಿ ಮಾತ್ರ. ಅದರ ಅರ್ಧವೂ ಆಗುವುದಿಲ್ಲ, ಫೈವ್ ಸ್ಟಾರಿಗೆ ಕೊಡುವ ಹೆಚ್ಚಿನ ದುಡ್ಡು ಕರೆಂಟ್ ಬಿಲ್ಲಿನಲ್ಲಿ ವಾಪಸ್ ಬರುವುದು ಕಷ್ಟ. ತ್ರೀ ಸ್ಟಾರ್ ಇನ್ವರ್ಟರ್ ಎಸಿ ತಗೊಂಡೆ. ಇಡೀ ದಿನ ಎಸಿ ಹಾಕುವವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಉಳಿದ ದುಡ್ಡಿನಲ್ಲಿ ಔಟ್‌ಡೋರ್ ಯೂನಿಟ್ಟನ್ನು ಕಡಲಿಗೆ ಮುಖ ಮಾಡಿದ್ದ ಪಡುಗೋಡೆಯಿಂದ ಪೂರ್ವಕ್ಕೆ ಸಾಗಿಸಿದೆ. ಹಳೆಯ ಪೈಪಿನಲ್ಲಿ ಆರ್-22ರ ಕಾಲದ ಎಣ್ಣೆ ಉಳಿದಿರುತ್ತದೆ, ಹಾಗಾಗಿ ಪೈಪೂ ಹೊಸದೇ. ಫಿಟ್ಟಿಂಗಿಗೆ ಬಂದ ಹುಡುಗರ ಹತ್ತಿರ ಪೈಪಿನೊಳಗಿನ ಗಾಳಿ, ತೇವ ಹೀರಿ ತೆಗೆಯುವ ವ್ಯಾಕ್ಯೂಮ್ ಪಂಪ್ ಇರಲಿಲ್ಲ. ತಂದ ಮೇಲೆಯೇ ಕೆಲಸ ಶುರು ಮಾಡಿಸಿದ್ದು. ಈಗ ಆಗಾಗ ಹೊರಗಿನ ಕಾಯಿಲಿಗೆ ಬರೀ ಸಿಹಿನೀರು ಹಾಯಿಸಿ ಉಪ್ಪು ತೊಳೆಯುತ್ತೇನೆ, ಮೇನ್ ಸ್ವಿಚ್ ಆಫ್ ಮಾಡಿಕೊಂಡು.